ಆ ತಾಯಂದಿರು ಬರೆದಿಟ್ಟ 202 ಹೆಸರುಗಳು

(ಜೂನ್ ಮೊದಲ ವಾರ ಓದುಗರ ಬಳಗವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಲ್ಯು ಪೆಂಗ್. ವಯಸ್ಸು 9. ಪ್ರಾಥಮಿಕ ಶಾಲೆಯ ಹುಡುಗ.

ಶಿಯಾವೊ ಬೊ. ವಯಸ್ಸು 27. ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಮನೆಯಲ್ಲಿ ಎಳೆಯ ಅವಳಿ ಮಕ್ಕಳು.

ಜಿಯಾಂಗ್ ಜಿಯೆಲಿಯನ್. ವಯಸ್ಸು 17. ಹೈಸ್ಕೂಲ್ ವಿದ್ಯಾರ್ಥಿ. ಗುಂಡು ಬಿದ್ದದ್ದು ಬೆನ್ನಿಗೆ.

ವಾಂಗ್ ನಾನ್. ವಯಸ್ಸು 19. ಅವನೂ ವಿದ್ಯಾರ್ಥಿ. ಗುಂಡು ಬಿದ್ದದ್ದು ತಲೆಗೆ.

ಇವು ಒಂದು ಪಟ್ಟಿಯಲ್ಲಿರುವ ಹೆಸರುಗಳು. ಆ ಪಟ್ಟಿಯಲ್ಲಿ 202 ಜನರಿದ್ದಾರೆ. ಹೆಚ್ಚುಕಡಿಮೆ ಎಲ್ಲರೂ 1989ರ ಜೂನ್ 3ರ ರಾತ್ರಿ, ಜೂನ್ 4ರ ಬೆಳಗಿನ ಜಾವ ಮತ್ತು ಅದರ ಆಸುಪಾಸಿನ ದಿನಗಳಲ್ಲಿ ಬೀಜಿಂಗ್‌ನಲ್ಲಿ ಸತ್ತವರು. ಪಟ್ಟಿ ಮಾಡಿದ್ದು ಸರ್ಕಾರ ಅಲ್ಲ, ಕೋರ್ಟ್ ಅಲ್ಲ, ಪತ್ರಿಕೆಯವರೂ ಅಲ್ಲ. ಮಕ್ಕಳನ್ನು ಕಳೆದುಕೊಂಡ ತಾಯಂದಿರು. ಬಾಗಿಲಲ್ಲಿ ಪೊಲೀಸರು ಕೂತಿದ್ದಾಗಲೇ, ಫೋನ್ ಕದ್ದು ಕೇಳುತ್ತಿದ್ದಾಗಲೇ, ಒಂದೊಂದು ಮನೆಯನ್ನು ಹುಡುಕಿಕೊಂಡು ಹೋಗಿ ಬರೆದುಕೊಂಡ ಹೆಸರುಗಳು. ಇವತ್ತು ನಾನು ಹೆಚ್ಚಾಗಿ ಈ ಪಟ್ಟಿಯ ಬಗ್ಗೆಯೇ ಮಾತಾಡುತ್ತೇನೆ.

ಹಿನ್ನೆಲೆಯನ್ನು ಬೇಗ ಹೇಳಿಬಿಡುತ್ತೇನೆ. 1989ರ ಏಪ್ರಿಲ್ 15ರಂದು ಹು ಯಾವೊಬಾಂಗ್ ತೀರಿಕೊಂಡರು. ಚೀನಾ ಕಮ್ಯುನಿಸ್ಟ್ ಪಕ್ಷದ ಪ್ರಧಾನ ಕಾರ್ಯದರ್ಶಿ ಆಗಿದ್ದವರು. ವಿದ್ಯಾರ್ಥಿಗಳ ವಿಷಯದಲ್ಲಿ ಮೆತ್ತಗಾದರು ಅಂತ 1987ರಲ್ಲಿ ಅವರನ್ನು ಕೆಳಗಿಳಿಸಿದ್ದರು. ಅವರಿಗೆ ಹೂವಿಡಲು ವಿದ್ಯಾರ್ಥಿಗಳು ತಿಯಾನನ್ಮೆನ್ ಚೌಕಕ್ಕೆ ಬಂದರು. ಗಮನಿಸಿ, ಇಡೀ ಚಳವಳಿ ಶುರುವಾದದ್ದೇ ಒಬ್ಬರ ಸಾವಿಗೆ ಮರುಗುವುದರಿಂದ. ಏಪ್ರಿಲ್ 22ರಂದು ಮೂವರು ವಿದ್ಯಾರ್ಥಿಗಳು ಚೀನಾದ ಸಂಸತ್ತು ಸೇರುವ ಮಹಾಸಭಾ ಭವನದ ಮೆಟ್ಟಿಲ ಮೇಲೆ, ಪತ್ರಿಕಾ ಸ್ವಾತಂತ್ರ್ಯದಂಥ ಬೇಡಿಕೆಗಳ ಮನವಿ ಪತ್ರ ಹಿಡಿದು ಮಂಡಿಯೂರಿದರು. ತಗೊಳ್ಳಲು ಯಾವ ನಾಯಕನೂ ಹೊರಗೆ ಬರಲಿಲ್ಲ. ಏಪ್ರಿಲ್ 26ರಂದು ಪಕ್ಷದ ಪತ್ರಿಕೆಯ ಸಂಪಾದಕೀಯ ಇದನ್ನೆಲ್ಲ ದೇಶದ ವಿರುದ್ಧದ ಗಲಭೆ ಅಂತ ಕರೆಯಿತು. ಮೇ 13ರಂದು ಉಪವಾಸ ಸತ್ಯಾಗ್ರಹ. ಆ ವಾರ ಬೀಜಿಂಗ್‌ನ ಬೀದಿಗೆ ಇಳಿದವರು ಹತ್ತು ಲಕ್ಷದಷ್ಟು ಜನ. ಮೇ 20ರಂದು ಸೈನಿಕ ಆಡಳಿತ. ಸೇನೆ ಊರೊಳಗೆ ಬರದಂತೆ ಸಾಮಾನ್ಯ ಜನ ಲಾರಿಗಳ ಮುಂದೆ ನಿಂತು ತಡೆದರು. ಸೈನಿಕರಿಗೆ ನೀರು, ತಿಂಡಿ ಕೊಟ್ಟು ವಾಪಸ್ ಹೋಗಿ ಅಂದರು. ಎರಡು ವಾರ ಹಾಗೇ ನಡೆಯಿತು.

ಜೂನ್ 3ರ ರಾತ್ರಿ ಸೇನೆ ಗುಂಡು ಹಾರಿಸಿಕೊಂಡೇ ಒಳಗೆ ಬಂತು.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಬೇಕು. ನಮ್ಮ ತಲೆಯಲ್ಲಿರುವುದು ಚೌಕದ ಚಿತ್ರ, ವಿದ್ಯಾರ್ಥಿಗಳ ಚಿತ್ರ, ಜೂನ್ 5ರಂದು ಟ್ಯಾಂಕ್ ಸಾಲಿನ ಮುಂದೆ ಕೈಚೀಲ ಹಿಡಿದು ನಿಂತ ಒಬ್ಬ ಮನುಷ್ಯನ ಚಿತ್ರ. ಆದರೆ ಹೆಚ್ಚಿನ ಜನ ಸತ್ತದ್ದು ಚೌಕದಲ್ಲಲ್ಲ. ಚೌಕಕ್ಕೆ ಬರುವ ದಾರಿಗಳಲ್ಲಿ. ಅದರಲ್ಲೂ ಪಶ್ಚಿಮದ ಚಾಂಗಾನ್ ರಸ್ತೆಯ ಮುಶಿದಿ ಎಂಬಲ್ಲಿ. ಸತ್ತವರಲ್ಲಿ ಬಹಳ ಜನ ವಿದ್ಯಾರ್ಥಿಗಳೂ ಅಲ್ಲ. ಕಾರ್ಖಾನೆ ಕೆಲಸಗಾರರು, ಅಂಗಡಿಯವರು, ಸೈಕಲ್ ತಳ್ಳಿಕೊಂಡು ಮನೆಗೆ ಹೊರಟವರು, ಗಾಯಾಳುಗಳನ್ನು ಎತ್ತಲು ಹೋದವರು. ಮುಶಿದಿಯ ಬಹುಮಹಡಿ ಮನೆಗಳಲ್ಲಿ ಕಿಟಕಿ ಹತ್ತಿರ ನಿಂತವರಿಗೂ ಗುಂಡು ಬಿತ್ತು. ಸಿಟ್ಟಿಗೆದ್ದ ಜನ ಕೆಲವು ಸೈನಿಕರನ್ನು ಕೊಂದದ್ದೂ ನಿಜ. ಆ ಸೈನಿಕರ ಹೆಸರುಗಳು ಸರ್ಕಾರಕ್ಕೆ ಗೊತ್ತು, ಅವರಿಗೆ ಬಿರುದು ಸಿಕ್ಕಿತು. ಸತ್ತ ನಾಗರಿಕರ ಹೆಸರುಗಳನ್ನು ಸರ್ಕಾರ ಈವರೆಗೂ ಹೇಳಿಲ್ಲ.

ಬೆಳಗಿನ ಜಾವ ವಿದ್ಯಾರ್ಥಿಗಳು ಚೌಕ ಬಿಟ್ಟು ಹೊರಡಲು ಒಪ್ಪಿದರು. ಹಾಗೆ ಒಪ್ಪಿಸಿದವರಲ್ಲಿ ಲಿಯು ಶಿಯಾವೊಬೊ ಒಬ್ಬರು. ಮುಂದೆ 2010ರಲ್ಲಿ ಜೈಲಿನಲ್ಲಿದ್ದುಕೊಂಡೇ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು, 2017ರಲ್ಲಿ ಬಂಧನದಲ್ಲಿದ್ದಾಗಲೇ ತೀರಿಕೊಂಡವರು. ಹಾಗೆ ಹಿಂತಿರುಗಿ ನಡೆದು ಹೋಗುತ್ತಿದ್ದ ವಿದ್ಯಾರ್ಥಿಗಳ ಮೇಲೂ ಲಿಯುಬುಕೌ ಎಂಬಲ್ಲಿ ಹಿಂದಿನಿಂದ ಟ್ಯಾಂಕ್ ಹರಿಯಿತು. ಕ್ರೀಡಾ ಕಾಲೇಜಿನ ಫಾಂಗ್ ಝೆಂಗ್ ತನ್ನ ಪಕ್ಕದ ಹುಡುಗಿಯನ್ನು ಆಚೆ ತಳ್ಳಿದರು. ಅವರ ಎರಡೂ ಕಾಲು ಹೋದವು. ಆಮೇಲೆ ಅಂಗವಿಕಲರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಎಸೆತದ ಸ್ಪರ್ಧೆಗಳಲ್ಲಿ ಚಿನ್ನ ಗೆದ್ದರು. ಕಾಲು ಹೇಗೆ ಹೋಯಿತು ಅನ್ನುವುದು ಗೊತ್ತಾದ ಮೇಲೆ ಅಂತಾರಾಷ್ಟ್ರೀಯ ಕೂಟದಲ್ಲಿ ಆಡಲು ಬಿಡಲಿಲ್ಲ.

ಸತ್ತವರು ಎಷ್ಟು? ಸರ್ಕಾರದ ವಕ್ತಾರ ಜೂನ್ 6ರಂದು ಸುಮಾರು 300 ಅಂದ, ಸೈನಿಕರೂ ಸೇರಿ. ಅದರಲ್ಲಿ ವಿದ್ಯಾರ್ಥಿಗಳು 23 ಜನ ಮಾತ್ರವಂತೆ. ಚೀನಾದ ರೆಡ್ ಕ್ರಾಸ್ ಹೆಸರಿನಲ್ಲಿ 2,600 ಎಂಬ ಅಂಕಿ ಬಂತು, ಕೂಡಲೇ ಅದನ್ನು ಹಿಂತೆಗೆದುಕೊಂಡರು. ಬ್ರಿಟಿಷ್ ರಾಯಭಾರಿ ಲಂಡನ್‌ಗೆ ಕಳಿಸಿದ ಗುಪ್ತ ತಂತಿಯಲ್ಲಿ 10,000 ಅಂತಿತ್ತು. ಅದು ಹೊರಬಂದದ್ದು 2017ರಲ್ಲಿ. ಈ ಮೂರು ಅಂಕಿಗಳನ್ನು ಇಟ್ಟುಕೊಂಡು ಜನ ಇನ್ನೂ ಜಗಳ ಆಡುತ್ತಾರೆ. ಆ ಜಗಳದಲ್ಲಿ ಸತ್ತವರೇ ಕಾಣೆಯಾಗುತ್ತಾರೆ ಅನ್ನುವುದು ನನ್ನ ಅನಿಸಿಕೆ. ತಾಯಂದಿರು ಆ ದಾರಿ ಹಿಡಿಯಲಿಲ್ಲ. ತಾವು ಕಂಡು, ಕೇಳಿ, ಖಾತ್ರಿ ಮಾಡಿಕೊಂಡದ್ದನ್ನು ಮಾತ್ರ ಬರೆದರು. 202 ಅಂದರೆ ಅಷ್ಟೇ ಜನ ಸತ್ತರು ಅಂತಲ್ಲ. ಅಷ್ಟು ಮನೆಗಳ ಬಾಗಿಲನ್ನು ಅವರು ತಟ್ಟಲು ಆಯಿತು ಅಂತ.

ಈಗ ಡಿಂಗ್ ಝಿಲಿನ್ ಅವರ ವಿಷಯಕ್ಕೆ ಬರುತ್ತೇನೆ. ಹುಟ್ಟಿದ್ದು 1936ರಲ್ಲಿ. ಬೀಜಿಂಗ್‌ನ ರೆನ್ಮಿನ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕಿ. ಗಂಡ ಜಿಯಾಂಗ್ ಪೈಕುನ್ ಕೂಡ ಅಲ್ಲೇ ಪ್ರಾಧ್ಯಾಪಕ. ಜಿಯೆಲಿಯನ್ ಅವರ ಮಗ. ಜೂನ್ 2ಕ್ಕೆ ಅವನಿಗೆ 17 ತುಂಬಿತು. ಮಾರನೇ ದಿನ ರಾತ್ರಿ ಹೊರಗೆ ಹೋಗಬೇಡ ಅಂತ ತಾಯಿ ತಡೆದರು. ಹುಡುಗ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡ. ಕಿಟಕಿಯಿಂದ ಇಳಿದು ಓಡಿದ. ಕೆಲವೇ ಗಂಟೆಗಳಲ್ಲಿ ಮುಶಿದಿಯಲ್ಲಿ ಗುಂಡೇಟಿಗೆ ಸತ್ತ.

ಆಮೇಲಿನ ದಿನಗಳಲ್ಲಿ ಡಿಂಗ್ ಸಾಯಲು ಪ್ರಯತ್ನಿಸಿದ್ದು ಒಂದೇ ಸಲ ಅಲ್ಲ. ಅದನ್ನು ಅವರೇ ಹೇಳಿಕೊಂಡಿದ್ದಾರೆ. ಎರಡು ವರ್ಷ ಹೊರಗಿನವರ ಹತ್ತಿರ ಮಾತಾಡಲಿಲ್ಲ. ಅವರನ್ನು ಮಾತಾಡಿಸಿದ್ದು ಪ್ರಧಾನಿ ಲಿ ಪೆಂಗ್ 1991ರಲ್ಲಿ ಆಡಿದ ಮಾತು. ಸತ್ತವರ ಹೆಸರು ಯಾಕೆ ಪ್ರಕಟಿಸಿಲ್ಲ ಅಂತ ಪತ್ರಿಕಾಗೋಷ್ಠಿಯಲ್ಲಿ ಯಾರೋ ಕೇಳಿದರು. ಮನೆಯವರಿಗೇ ಅದು ಇಷ್ಟವಿಲ್ಲ ಅನ್ನುವ ಅರ್ಥದ ಉತ್ತರ ಬಂತು. ಡಿಂಗ್ ಅದನ್ನು ಕೇಳಿ ಸುಮ್ನೆ ಕೂರಲಿಲ್ಲ. ಅಮೆರಿಕದ ಟೀವಿಯವರ ಮುಂದೆ ಕೂತು, ನಾನು ಒಬ್ಬ ಹುಡುಗನ ತಾಯಿ, ನನ್ನನ್ನು ಯಾರೂ ಕೇಳಿಲ್ಲ ಅಂತ ಹೇಳಿದರು. ಪಾಠ ಮಾಡುವ ಕೆಲಸ ಹೋಯಿತು. ಪಕ್ಷದಿಂದ ಹೊರಬಿದ್ದರು. ಮನೆಗೆ ಕಾವಲು ಬಂತು.

ಪಟ್ಟಿ ಹುಟ್ಟಿದ್ದು ಅಲ್ಲಿಂದ. ಮನೆಯವರಿಗೆ ಇಷ್ಟವಿಲ್ಲ ಅಂದಿರಲ್ಲ, ಸರಿ, ಮನೆಯವರನ್ನೇ ಕೇಳೋಣ ಅಂತ ಹೊರಟರು. ಒಂದು ಮನೆಯವರು ಇನ್ನೊಂದು ಮನೆ ತೋರಿಸುತ್ತಿದ್ದರು. ಎಷ್ಟೋ ಜನ ಬಾಗಿಲು ತೆರೆಯಲಿಲ್ಲ. ಕೆಲವರು ಮಗ ಕಾಯಿಲೆಯಿಂದ ಸತ್ತ ಅಂತಲೇ ಊರಿನವರಿಗೆ ಹೇಳಿಕೊಂಡಿದ್ದರು. ಹಾಗೆ ಹೇಳಿಕೊಳ್ಳದೆ ಇದ್ದರೆ ಉಳಿದ ಮಕ್ಕಳ ಕೆಲಸ, ಓದು ಎಲ್ಲಕ್ಕೂ ಕುತ್ತು. ಹೊರದೇಶಗಳಿಂದ ಬಂದ ಸಹಾಯದ ಹಣವನ್ನು ಈ ಮನೆಗಳಿಗೆ ಹಂಚುವುದೂ ತಾಯಂದಿರ ಕೆಲಸವೇ ಆಯಿತು.

ಅವರಲ್ಲಿ ಜಾಂಗ್ ಶಿಯಾನ್‌ಲಿಂಗ್ ಮಾಡಿದ ಕೆಲಸವನ್ನು ಸ್ವಲ್ಪ ಜಾಸ್ತಿ ಹೊತ್ತು ಹೇಳಬೇಕು. ವಾಂಗ್ ನಾನ್ ಅವರ ಮಗ. ಫೋಟೋ ತೆಗೆಯುವ ಹುಚ್ಚಿದ್ದ ಹುಡುಗ. ಜೂನ್ 3ರ ಸಂಜೆ ಅವನು ಅಮ್ಮನನ್ನು ಕೇಳಿದ, ಸೇನೆ ಗುಂಡು ಹಾರಿಸುತ್ತದಾ ಅಂತ. ಇಲ್ಲ, ಹಾರಿಸಲ್ಲ ಅಂದರು ಅಮ್ಮ. ಅವರ ಪೀಳಿಗೆಯ ಎಷ್ಟೋ ಮಂದಿ, ಜನರ ಸೇನೆ ಜನರ ಮೇಲೆ ಗುಂಡು ಹಾರಿಸುವುದಿಲ್ಲ ಅಂತಲೇ ನಂಬಿದ್ದರು. ಹುಡುಗ ಕ್ಯಾಮೆರಾ ತಗೊಂಡು, ತಲೆಗೆ ಬೈಕ್ ಹೆಲ್ಮೆಟ್ ಹಾಕಿಕೊಂಡು ಹೋದ. ಗುಂಡು ಹೆಲ್ಮೆಟ್ ತೂರಿಕೊಂಡು ಹೋಯಿತು.

ಮಗ ಎಲ್ಲಿ ಬಿದ್ದ, ಎಷ್ಟು ಹೊತ್ತಿಗೆ, ಹತ್ತಿರ ಯಾರಿದ್ದರು, ಶವ ಎಲ್ಲಿ ಹೋಯಿತು? ಯಾವ ಕಚೇರಿಯೂ ಉತ್ತರ ಹೇಳಲಿಲ್ಲ. ತಾಯಿಯೇ ತಿಂಗಳುಗಟ್ಟಲೆ ಅಲೆದು ಒಬ್ಬೊಬ್ಬರೇ ಸಾಕ್ಷಿಯನ್ನು ಹುಡುಕಿದರು. ಮಗ ಬಿದ್ದದ್ದು ತಿಯಾನನ್ಮೆನ್ ಪಕ್ಕದಲ್ಲೇ, ನಾನ್‌ಚಾಂಗ್ ಬೀದಿಯ ತುದಿಯಲ್ಲಿ. ವೈದ್ಯಕೀಯ ವಿದ್ಯಾರ್ಥಿ ಸ್ವಯಂಸೇವಕರು ಗಾಯಕ್ಕೆ ಬಟ್ಟೆ ಕಟ್ಟಿದರು. ಆಸ್ಪತ್ರೆಗೆ ಒಯ್ಯಲು ಬಿಡಿ ಅಂತ ಸೈನಿಕರಲ್ಲಿ ಬೇಡಿಕೊಂಡರು. ಬಿಡಲಿಲ್ಲ. ಬೆಳಗಿನ ಜಾವ ಸುಮಾರು ಮೂರೂವರೆಗೆ ಪ್ರಾಣ ಹೋಯಿತು. ಶವವನ್ನು ಅಲ್ಲೇ ಒಂದು ಶಾಲೆಯ ಮುಂದೆ ಆಳವಿಲ್ಲದ ಗುಂಡಿ ತೋಡಿ ಇತರರ ಜೊತೆ ಹೂತರು. ಮಳೆ ಬಂತು. ಮಣ್ಣು ಸರಿಯಿತು, ವಾಸನೆ ಎದ್ದಿತು. ಆಮೇಲೆ ಹೊರಗೆ ತೆಗೆದರು. ಅವನು ಸೇನೆಯ ಹಳೇ ಬಟ್ಟೆ ಹಾಕಿದ್ದರಿಂದ ಸೈನಿಕನಿರಬಹುದು ಅಂದುಕೊಂಡು ಆಸ್ಪತ್ರೆಗೆ ಕಳಿಸಿದರು. ಹಾಗಾಗಿ ತಾಯಿಗೆ ಶವ ಸಿಕ್ಕಿತು. ಪಟ್ಟಿಯಲ್ಲಿ ಶವವೇ ಸಿಗದವರೂ ಇದ್ದಾರೆ.

ಇದೆಲ್ಲ ಒಬ್ಬ ತನಿಖಾಧಿಕಾರಿ ಮಾಡಬೇಕಾದ ಕೆಲಸ, ಅಲ್ವಾ? ವೇಳೆ, ಸ್ಥಳ, ಗಾಯದ ಜಾಗ, ಸಾಕ್ಷಿ. ಮಗನನ್ನು ಕಳೆದುಕೊಂಡ ತಾಯಿ ಅದನ್ನು ಮಾಡಿ ಮುಗಿಸಿದರು. ಮುಂದೆ ಮಗ ಬಿದ್ದ ಜಾಗದಲ್ಲಿ ನಿಂತು ಅವನನ್ನು ನೆನೆಯಬೇಕು ಅಂದಾಗ ಅದಕ್ಕೂ ಬಿಡಲಿಲ್ಲ. ಆ ಜಾಗದ ಮೇಲೆ ಕಣ್ಣಿಡಲು ಒಂದು ಕ್ಯಾಮೆರಾ ಹಾಕಿದರು. ಒಬ್ಬ ತಾಯಿ ಬಂದು ನಿಂತಾಳು ಅನ್ನುವ ಭಯಕ್ಕೆ ಒಂದು ಕ್ಯಾಮೆರಾ!

ಇನ್ನೊಬ್ಬರು ಶು ಜುಯೆ. ಮಗ ವು ಶಿಯಾಂಗ್‌ಡಾಂಗ್ ಕಾರ್ಖಾನೆ ಕೆಲಸಗಾರ, ವಯಸ್ಸು 21. ಆ ಕೊರಗಿನಲ್ಲೇ ಕೆಲವು ವರ್ಷಗಳಲ್ಲಿ ಗಂಡನೂ ಹೋದರು. ಗಂಡನ ಸಮಾಧಿ ಕಲ್ಲಿನ ಹಿಂಬದಿಯಲ್ಲಿ ಶು ಜುಯೆ ಒಂದು ಪುಟ್ಟ ಕವಿತೆ ಕೆತ್ತಿಸಿದರು. ಅದರಲ್ಲಿ ಸಮಾಧಿಗೆ ತರುವ ಹೂವುಗಳ ಲೆಕ್ಕ ಇದೆ. ಎಂಟು ಲಿಲ್ಲಿ, ಒಂಬತ್ತು ಹಳದಿ ಸೇವಂತಿಗೆ, ಆರು ಬಿಳಿ ಟ್ಯುಲಿಪ್, ನಾಲ್ಕು ಕೆಂಪು ಗುಲಾಬಿ. 89ನೇ ಇಸವಿ, 6ನೇ ತಿಂಗಳು, 4ನೇ ತಾರೀಕು. ದಿನಾಂಕವನ್ನು ನೇರವಾಗಿ ಕೆತ್ತುವಂತಿಲ್ಲದ ದೇಶದಲ್ಲಿ ಆ ತಾಯಿ ಅದನ್ನು ಹೂವಿನಲ್ಲಿ ಎಣಿಸಿ ಕಲ್ಲಿಗೆ ಹಾಕಿದರು. 2017ರಲ್ಲಿ ಅವರೂ ತೀರಿಕೊಂಡರು.

ಈ ತಾಯಂದಿರು ಕೇಳುತ್ತಿರುವುದು ಮೂರೇ. ನಿಜ ಏನು ಅಂತ ಹೇಳಿ. ಪರಿಹಾರ ಕೊಡಿ. ಹೊಣೆ ಯಾರದು ಅಂತ ಕಾನೂನಿನ ಪ್ರಕಾರ ತೀರ್ಮಾನ ಮಾಡಿ. 1995ರಿಂದ ಇದನ್ನೇ ಚೀನಾದ ಸಂಸತ್ತಿಗೆ ಬಹಿರಂಗ ಪತ್ರ ಮಾಡಿ ಮತ್ತೆ ಮತ್ತೆ ಬರೆದಿದ್ದಾರೆ. 2004ರಲ್ಲಿ ಡಿಂಗ್, ಜಾಂಗ್ ಮತ್ತು ಇನ್ನೊಬ್ಬ ತಾಯಿಯನ್ನು ಬಂಧಿಸಿ ಕೆಲವು ದಿನ ಇಟ್ಟುಕೊಂಡಿದ್ದರು. ಪತ್ರ ನಿಲ್ಲಲಿಲ್ಲ.

ಇನ್ನು ಮರೆವಿನ ವಿಷಯ. ಕಾಲ ಕಳೆದಂತೆ ಜನ ಮರೆಯುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಚೀನಾದಲ್ಲಿ ಮರೆವು ತಾನಾಗಿ ಬಂದದ್ದಲ್ಲ. ದಿನಾ ದುಡಿದು, ಸಂಬಳ ಕೊಟ್ಟು ಮಾಡಿಸುವ ಕೆಲಸ ಅದು. ಪ್ರತಿ ಜೂನ್ ಹತ್ತಿರವಾದಾಗ ಇಂಟರ್ನೆಟ್ಟಿನಲ್ಲಿ ಮೇಣದಬತ್ತಿಯ ಚಿತ್ರ ಮಾಯ. 6 ಮತ್ತು 4 ಒಟ್ಟಿಗೆ ಬಂದರೆ ಮಾಯ. ಜನ ಜೂನ್ 4 ಅನ್ನುವ ಬದಲು ಮೇ 35 ಅಂತ ಬರೆಯಲು ಶುರು ಮಾಡಿದರು, ಅದನ್ನೂ ಅಳಿಸಿದರು. 2012ರ ಜೂನ್ 4ರಂದು ಶಾಂಘೈ ಷೇರು ಸೂಚ್ಯಂಕ 64.89 ಅಂಶ ಇಳಿಯಿತು. ಬರೀ ಆಕಸ್ಮಿಕ. ಆದರೆ ಆ ದಿನ ಚೀನಾದ ಸಾಮಾಜಿಕ ಜಾಲತಾಣ ವೈಬೊದಲ್ಲಿ ಷೇರು ಸೂಚ್ಯಂಕವನ್ನು ಹುಡುಕುವುದನ್ನೇ ತಡೆದರು.

ಈ ಮರೆವು ಕೆಲವೊಮ್ಮೆ ಮಾಡಿಸಿದವರಿಗೇ ತಿರುಗುಬಾಣ ಆಗುತ್ತದೆ. 2007ರಲ್ಲಿ ಚೆಂಗ್ಡುವಿನ ಒಂದು ಸಂಜೆ ಪತ್ರಿಕೆಗೆ ಯಾರೋ ಒಂದು ಸಾಲಿನ ವರ್ಗೀಕೃತ ಜಾಹೀರಾತು ಕೊಟ್ಟರು: 64ರಲ್ಲಿ ಮಡಿದವರ ಗಟ್ಟಿ ತಾಯಂದಿರಿಗೆ ವಂದನೆ. ಅದನ್ನು ತೆಗೆದುಕೊಂಡ ಹುಡುಗಿಗೆ ಆ ಸಂಖ್ಯೆ ಏನು ಅಂತ ಗೊತ್ತಿರಲಿಲ್ಲ. ವಿಚಾರಿಸಿದರೆ ಗಣಿ ದುರಂತ ಅಂದರು. ಜಾಹೀರಾತು ಅಚ್ಚಾಯಿತು. ಸಂಪಾದಕರ ಕೆಲಸ ಹೋಯಿತು. 2022ರ ಜೂನ್ 3ರ ರಾತ್ರಿ ಕೋಟ್ಯಂತರ ಅಭಿಮಾನಿಗಳಿರುವ ಮಾರಾಟಗಾರ ಲಿ ಜಿಯಾಕಿಯ ನೇರಪ್ರಸಾರದಲ್ಲಿ ಟ್ಯಾಂಕ್ ಆಕಾರದ ಒಂದು ಐಸ್‌ಕ್ರೀಮ್ ಕೇಕ್ ಕಾಣಿಸಿಕೊಂಡಿತು. ಪ್ರಸಾರ ಕಡಿದುಹೋಯಿತು. ನೋಡುತ್ತಿದ್ದವರಲ್ಲಿ ಹೆಚ್ಚಿನವರು 1989ರ ನಂತರ ಹುಟ್ಟಿದವರು. ಐಸ್‌ಕ್ರೀಮಿನಲ್ಲಿ ಅಂಥದ್ದೇನಿದೆ ಅಂತ ಹುಡುಕಲು ಹೊರಟರು. ಎಷ್ಟೋ ಹುಡುಗ ಹುಡುಗಿಯರಿಗೆ ತಿಯಾನನ್ಮೆನ್ ವಿಷಯ ಗೊತ್ತಾದದ್ದು ಆ ರಾತ್ರಿ. ಅದಕ್ಕೂ ಮೊದಲು ಒಬ್ಬ ಪತ್ರಕರ್ತೆ ಟ್ಯಾಂಕ್ ಮುಂದೆ ನಿಂತ ಮನುಷ್ಯನ ಫೋಟೋವನ್ನು ಬೀಜಿಂಗ್‌ನ 100 ವಿದ್ಯಾರ್ಥಿಗಳಿಗೆ ತೋರಿಸಿದ್ದರು. ಗುರುತಿಸಿದವರು 15 ಜನ.

ಚೀನಾದ ನೆಲದಲ್ಲಿ ಈ ಸತ್ತವರಿಗೆ ಬಹಿರಂಗವಾಗಿ, ದೊಡ್ಡದಾಗಿ ದೀಪ ಹಚ್ಚುತ್ತಿದ್ದ ಜಾಗ ಹಾಂಗ್‌ಕಾಂಗ್‌ನ ವಿಕ್ಟೋರಿಯಾ ಪಾರ್ಕ್. 1990ರಿಂದ 2019ರವರೆಗೆ ಒಂದು ವರ್ಷವೂ ತಪ್ಪಲಿಲ್ಲ. ಕೆಲವು ವರ್ಷ ಲಕ್ಷಕ್ಕೂ ಹೆಚ್ಚು ಜನ ಸೇರಿದರು ಅಂತ ಸಂಘಟಕರು ಹೇಳುತ್ತಿದ್ದರು. ಫುಟ್‌ಬಾಲ್ ಮೈದಾನಗಳ ತುಂಬ ಮೇಣದಬತ್ತಿ. ಬೀಜಿಂಗ್‌ನ ತಾಯಂದಿರು ರೆಕಾರ್ಡ್ ಮಾಡಿ ಕಳಿಸಿದ ಮಾತು ಅಲ್ಲಿ ಕೇಳಿಸುತ್ತಿತ್ತು. 2020ರಲ್ಲಿ ಕೋವಿಡ್ ಕಾರಣ ಕೊಟ್ಟು ನಿಷೇಧಿಸಿದರು. 2021ರಲ್ಲೂ ಅದೇ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಪೊಲೀಸರು ಅಲ್ಲಿನ ಜೂನ್ 4 ಮ್ಯೂಸಿಯಂಗೆ ನುಗ್ಗಿ ವಸ್ತುಗಳನ್ನು ಹೊತ್ತೊಯ್ದರು. ಡಿಸೆಂಬರ್‌ನಲ್ಲಿ ಹಾಂಗ್‌ಕಾಂಗ್ ವಿಶ್ವವಿದ್ಯಾಲಯದಲ್ಲಿದ್ದ ಎಂಟು ಮೀಟರ್ ಎತ್ತರದ 'ನಾಚಿಕೆಯ ಕಂಬ' ಎಂಬ, ಈ ಸತ್ತವರ ನೆನಪಿನ ಶಿಲ್ಪವನ್ನು ರಾತ್ರೋರಾತ್ರಿ ಪರದೆ ಕಟ್ಟಿ ಕಿತ್ತರು. 2023ರ ಜೂನ್‌ನಲ್ಲಿ ಅದೇ ಪಾರ್ಕಿನಲ್ಲಿ ಊರೂರಿನ ತಿಂಡಿ ಮೇಳ ಇಟ್ಟರು.

ಆ ದೀಪದ ಸಭೆ ನಡೆಸುತ್ತಿದ್ದ ಸಂಘಟನೆಯಲ್ಲಿ ಚೌ ಹ್ಯಾಂಗ್ ತುಂಗ್ ಎಂಬ ವಕೀಲೆ ಇದ್ದರು. ಕೇಂಬ್ರಿಜ್‌ನಲ್ಲಿ ಭೌತಶಾಸ್ತ್ರ ಓದಿ, ಸಂಶೋಧನೆ ಬಿಟ್ಟು, ಕಾನೂನಿಗೆ ಬಂದವರು. ಸಭೆ ಇಲ್ಲದಿದ್ದರೂ ಮೇಣದಬತ್ತಿ ಹಚ್ಚಿ ಅಂತ ಬರೆದದ್ದಕ್ಕೆ 15 ತಿಂಗಳ ಶಿಕ್ಷೆ ಆಯಿತು. ರಾಷ್ಟ್ರೀಯ ಭದ್ರತಾ ಕಾನೂನಿನ ಕೇಸು ಬೇರೆ. 2021ರ ಸೆಪ್ಟೆಂಬರ್‌ನಿಂದ ಜೈಲಿನಲ್ಲಿದ್ದಾರೆ. ಶಿಕ್ಷೆ ಕಡಿಮೆ ಮಾಡಿ ಅಂತ ಕೇಳಿಕೊಳ್ಳುವ ಸರದಿ ಬಂದಾಗ ಅವರು ತಮ್ಮ ಬಗ್ಗೆ ಹೇಳಿಕೊಳ್ಳುವುದರ ಬದಲು ತಿಯಾನನ್ಮೆನ್‌ನಲ್ಲಿ ಸತ್ತವರ ಮನೆಯವರು ಬರೆದದ್ದನ್ನು ಕೋರ್ಟಿನಲ್ಲಿ ಓದಿದರು. ಓದುತ್ತ ಕಣ್ಣೀರಾದರು. ಹಾಂಗ್‌ಕಾಂಗ್‌ನ ಕೋರ್ಟಿನ ದಾಖಲೆಯಲ್ಲಿ ಆ ತಾಯಂದಿರ ಮಾತು ಹಾಗೆ ಸೇರಿಕೊಂಡಿತು. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಅದಕ್ಕಿಂತ ದೊಡ್ಡ ಧೈರ್ಯ ಕಂಡಿಲ್ಲ.

ನಮ್ಮ ನಾಡಿನ ಜೊತೆ ಇದಕ್ಕೆ ಒಂದು ನಂಟಿದೆ, ಎಳೆದು ತರುವಂಥದ್ದಲ್ಲ. ಬೀಜಿಂಗ್‌ಗೆ ಸೈನಿಕ ಆಡಳಿತ ಬರುವ ಎರಡು ತಿಂಗಳ ಮೊದಲೇ, 1989ರ ಮಾರ್ಚ್‌ನಲ್ಲಿ, ಲ್ಹಾಸಾದಲ್ಲಿ ಅದು ಬಂದಿತ್ತು. ಪ್ರತಿಭಟನೆ ಮಾಡಿದ ಟಿಬೆಟನ್ನರ ಮೇಲೆ ಗುಂಡು ಹಾರಿತ್ತು. ಬೈಲಕುಪ್ಪೆ, ಮುಂಡಗೋಡಿನ ಜನಕ್ಕೆ ಅದು ತಮ್ಮ ಮನೆಯ ಸುದ್ದಿ. ದಲೈ ಲಾಮಾ ಜೂನ್ 4ರ ಸತ್ತವರ ಪರವಾಗಿ ಆಗಲೂ ಮಾತಾಡಿದರು, ಆಮೇಲೂ ಮಾತಾಡಿದ್ದಾರೆ.

ಈಗ ಪ್ರಶ್ನೆಗಳು. ಮೊದಲನೆಯದನ್ನು ಕೇಳಿದವರು ಹಿರಿಯರೊಬ್ಬರು. ಆಮೇಲೆ ಚೀನಾ ಇಷ್ಟು ಬೆಳೆಯಿತಲ್ಲ, ಆವತ್ತು ಬಿಗಿ ಮಾಡದಿದ್ದರೆ ಇದೆಲ್ಲ ಆಗುತ್ತಿತ್ತಾ ಅಂತ.

ಇದೇ ಮಾತನ್ನು ಚೀನಾದ ರಕ್ಷಣಾ ಮಂತ್ರಿಯೂ 2019ರಲ್ಲಿ ಸಿಂಗಪುರದಲ್ಲಿ ಹೇಳಿದರು, ಆ ಕ್ರಮ ಸರಿಯಾಗಿತ್ತು ಅಂತ. ಚೀನಾದ ಆರ್ಥಿಕ ಸುಧಾರಣೆ ಶುರುವಾದದ್ದು 1978ರಲ್ಲಿ. ಅದನ್ನು ಮುಂದೆ ತಳ್ಳಿದವರಲ್ಲಿ, 1989ರಲ್ಲಿ ಪಕ್ಷದ ಪ್ರಧಾನ ಕಾರ್ಯದರ್ಶಿ ಆಗಿದ್ದ ಝಾವೊ ಝಿಯಾಂಗ್ ಮುಖ್ಯರು. ಮೇ 19ರ ಬೆಳಗಿನ ಜಾವ ಚೌಕಕ್ಕೆ ಬಂದು, ನಾವು ತುಂಬಾ ತಡವಾಗಿ ಬಂದೆವು ಅಂತ ಧ್ವನಿವರ್ಧಕ ಹಿಡಿದು ವಿದ್ಯಾರ್ಥಿಗಳಿಗೆ ಹೇಳಿದ್ದು ಅದೇ ಮನುಷ್ಯ. ಆಮೇಲೆ 2005ರಲ್ಲಿ ಸಾಯುವವರೆಗೆ ಗೃಹಬಂಧನ. ವಿದ್ಯಾರ್ಥಿಗಳು ಕೇಳಿದ್ದು ಪತ್ರಿಕಾ ಸ್ವಾತಂತ್ರ್ಯ, ನಾಯಕರ ಮತ್ತು ಅವರ ಮಕ್ಕಳ ಆಸ್ತಿ ವಿವರ, ಮಾತುಕತೆ. ಇದರಲ್ಲಿ ಬೆಳವಣಿಗೆಯನ್ನು ತಡೆಯುವಂಥದ್ದು ನನಗೆ ಯಾವುದೂ ಕಾಣುವುದಿಲ್ಲ. ಅದೂ ಅಲ್ಲದೆ, ಜಾಂಗ್ ಶಿಯಾನ್‌ಲಿಂಗ್ ಕೇಳಿದ್ದಕ್ಕೆ ಜಿಡಿಪಿ ಉತ್ತರ ಆಗುವುದಿಲ್ಲ. ನನ್ನ ಮಗನನ್ನು ಆಸ್ಪತ್ರೆಗೆ ಒಯ್ಯಲು ಯಾಕೆ ಬಿಡಲಿಲ್ಲ ಅಂತ ಅವರು ಕೇಳುತ್ತಿದ್ದಾರೆ.

ಎರಡನೆಯದು ಒಬ್ಬ ವಿದ್ಯಾರ್ಥಿನಿಯದು. ಆ ಪಟ್ಟಿ ಇನ್ನು ಬೆಳೆಯುತ್ತದಾ, ನಾವು ಅದನ್ನು ನೋಡಬಹುದಾ ಅಂತ ಕೇಳಿದರು.

ಬೆಳೆಯುವುದು ಈಗ ಕಷ್ಟ. ತಾಯಂದಿರಲ್ಲಿ, ತಂದೆಯರಲ್ಲಿ ಎಷ್ಟೋ ಜನ ತೀರಿಕೊಂಡಿದ್ದಾರೆ. ಜಿಯಾಂಗ್ ಪೈಕುನ್ 2015ರಲ್ಲಿ ಹೋದರು. ಗಂಡನನ್ನು ಕಳೆದುಕೊಂಡ ಯೂ ವೈಜಿಯೆ ಈಗ ತಾಯಂದಿರ ಗುಂಪಿನ ಪರವಾಗಿ ಮಾತಾಡುತ್ತಾರೆ. ಊರಿನಿಂದ ಕೆಲಸಕ್ಕೆ ಬಂದು ಬೀಜಿಂಗ್‌ನಲ್ಲಿ ಸತ್ತ ಕೂಲಿಗಳ ಮನೆ ಹುಡುಕುವುದು ಆಗಲೇ ಕಷ್ಟವಿತ್ತು. ಚೆಂಗ್ಡುವಿನಂಥ ಬೇರೆ ಊರುಗಳಲ್ಲಿ ಸತ್ತವರ ಲೆಕ್ಕ ಈ ಪಟ್ಟಿಗೆ ಪೂರ್ತಿ ಬಂದಿಲ್ಲ. ಆದರೆ ಇರುವ ಪಟ್ಟಿ ಚೀನಾದ ಹೊರಗೆ ಎಲ್ಲರಿಗೂ ಸಿಗುತ್ತದೆ. ಕನ್ನಡದಲ್ಲಿ ನಾನು ನೋಡಿಲ್ಲ. 202 ಜನರ ಹೆಸರು, ವಯಸ್ಸು, ಕೆಲಸ, ಬಿದ್ದ ಜಾಗ, ಇಷ್ಟನ್ನು ಕನ್ನಡಕ್ಕೆ ತರಲು ನಾಲ್ಕೈದು ಜನ ಕೂತರೆ ಸಾಕು. ಹೆಸರುಗಳನ್ನು ಸರಿಯಾಗಿ ಬರೆಯಬೇಕಲ್ಲ, ಅದಕ್ಕೆ ಚೀನೀ ಭಾಷೆ ಬಲ್ಲವರೊಬ್ಬರು ಬೇಕು. ನಿಮಗೆ ಗೊತ್ತಿರುವವರು ಯಾರಾದರೂ ಇದ್ದರೆ ಸಭೆ ಮುಗಿದ ಮೇಲೆ ನನಗೆ ಹೇಳಿ. ಇವತ್ತೇ ಹಂಚಿಕೊಂಡು ಶುರು ಮಾಡೋಣ.